ಆರಿದ ತರಗು ಬೆಂಕಿ, ಬೆಳೆದ ಲಂಟಾನ

ಮಾಗಿಯ ಚಳಿ ಇಳಿದು ಬಿಸಿಲು ಏರತೊಡಗಿದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಇಂಥ ಕಡೆ ಕಾಡಿಗೆ ಬೆಂಕಿ, ಇಷ್ಟು ಎಕರೆ ಭಸ್ಮ, ಕಿಡಿಗೇಡಿಗಳ ಕೃತ್ಯವೆಂಬ ಶಂಕೆ. ಕಾಡಿನ ಬೆಂಕಿ ಎಂದರೆ ಅನಾಹುತ, ಹಚ್ಚಿದವನು ಅಪರಾಧಿ ಎಂಬುದರಲ್ಲಿ ನಮಗ್ಯಾರಿಗೂ ಅನುಮಾನವಿಲ್ಲ. ಆದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಿರಿಯರದು ಬೇರೆಯೇ ಮಾತು. ಕಾಡಿಗೆ ಬೆಂಕಿ ಬೀಳುವುದು ನಿಂತಿದ್ದರಿಂದಲೇ ಕಾಡು ಕೆಟ್ಟಿತು ಎನ್ನುತ್ತಾರೆ ಅವರು.

ಕೇಳಿದವರಿಗೆ ವಿಚಿತ್ರವೆನಿಸುವ ಈ ಮಾತನ್ನು ಅರಣ್ಯ ಇಲಾಖೆ ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಜ್ಞಾನಿಗಳು ಕೇಳಿಸಿಕೊಂಡದ್ದೂ ತಡವಾಗಿಯೇ. ಅಷ್ಟರಲ್ಲಿ ಬಿಳಿಗಿರಿಯ ಕಾಡಿನ ನೆಲವನ್ನು ಲಂಟಾನದ ಪೊದೆ ಮುಚ್ಚಿಕೊಂಡಿತು. ಸರ್ಕಾರದ ಕಾಡು, ಆ ಕಾಡಿನಲ್ಲೇ ಹುಟ್ಟಿ ಬೆಳೆದ ಜನ, ಇವರಿಬ್ಬರ ನಡುವೆ ಪಾಲುದಾರಿಕೆ ಬೇಕು ಎಂದು ಈಗ ಎಲ್ಲ ಕಡೆಯೂ ಹೇಳುತ್ತಾರೆ. ಆ ಪಾಲುದಾರಿಕೆ ಎಂದರೆ ಏನು, ಯಾವುದರಲ್ಲಿ ಪಾಲು ಎಂಬುದನ್ನು ತಿಳಿಯಲು ಬಿಳಿಗಿರಿಯಷ್ಟು ಒಳ್ಳೆಯ ಉದಾಹರಣೆ ನಮಗೆ ಹತ್ತಿರದಲ್ಲಿ ಇನ್ನೊಂದಿಲ್ಲ.

ಎಲ್ಲೆ ಎಂಬ ಸೀಮೆ

ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೈ ಚಾಚಿ ಮುಟ್ಟಿಕೊಳ್ಳುವ ಜಾಗದಲ್ಲಿದೆ ಬಿಳಿಗಿರಿರಂಗನ ಬೆಟ್ಟ. ಬುಡದಲ್ಲಿ ಕುರುಚಲು ಕಾಡು, ಮೇಲೆ ಹೋದಂತೆ ಎಲೆ ಉದುರುವ ಕಾಡು, ಇನ್ನೂ ಎತ್ತರದಲ್ಲಿ ನಿತ್ಯಹಸಿರಿನ ಶೋಲಾ ಮತ್ತು ಹುಲ್ಲುಗಾವಲು. ಸುಮಾರು 540 ಚದರ ಕಿ.ಮೀ.ಗಳ ಅಭಯಾರಣ್ಯದಲ್ಲಿ ಇಷ್ಟೂ ಬಗೆಯ ಕಾಡುಗಳಿವೆ. ಆನೆ, ಕಾಟಿ, ಹುಲಿ, ಚಿರತೆ, ಕರಡಿ ಎಲ್ಲಕ್ಕೂ ಇದು ನೆಲೆ.

ಸೋಲಿಗರಿಗೂ ಇದು ನೆಲೆ. ಬೆಟ್ಟದ ಮೇಲೂ ಅದರ ಅಂಚಿನಲ್ಲೂ ಹರಡಿದ ಸುಮಾರು ಅರವತ್ತು ಪೋಡುಗಳಲ್ಲಿ ಇವರ ವಾಸ. ಪೋಡು ಎಂದರೆ ಸೋಲಿಗರ ಹಾಡಿ. ತಾವು ಬಿದಿರಿನಿಂದ ಬಂದ ಕಾರಯ್ಯನ ಮಕ್ಕಳೆಂಬುದು ಅವರ ನಂಬಿಕೆ. ಬೆಟ್ಟದ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನಂತೆ. ಹಾಗಾಗಿ ಊರವರಿಗೆಲ್ಲ ರಂಗಪ್ಪ ದೇವರಾದರೆ ಸೋಲಿಗರಿಗೆ ಆತ ಬಾವ. ಅವರ ಮಾತು ಕನ್ನಡಕ್ಕೆ ತೀರ ಹತ್ತಿರ, ಆದರೂ ಕಾಡಿನ ವಿಷಯಕ್ಕೆ ಬಂದಾಗ ಅದರ ಪದಸಂಪತ್ತು ನಮ್ಮ ಕನ್ನಡಕ್ಕಿಂತ ದೊಡ್ಡದು.

‘ಎಲ್ಲೆ’ ಎಂಬ ಪದವನ್ನೇ ನೋಡಿ. ನಮಗೆ ಎಲ್ಲೆ ಎಂದರೆ ಗಡಿ, ದಾಟಬಾರದ ಗೆರೆ. ಸೋಲಿಗರಿಗೆ ಎಲ್ಲೆ ಎಂದರೆ ಒಂದು ಕುಲ ನೋಡಿಕೊಳ್ಳಬೇಕಾದ ಕಾಡಿನ ಸೀಮೆ. ಪ್ರತಿ ಎಲ್ಲೆಯಲ್ಲಿಯೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ತಾಣಗಳಿರುತ್ತವೆ. ಕಲ್ಲುಗುಡಿ ಸತ್ತ ಹಿರಿಯರಿಗಾಗಿ ಕಲ್ಲು ಇಡುವ ಜಾಗ. ಅಬ್ಬಿ ನೀರಿನ ಜಾಗ. ವರ್ಷದ ಗೊತ್ತಾದ ಕಾಲದಲ್ಲಿ ಆ ಕುಲದವರು ಅಲ್ಲಿಗೆ ಹೋಗಿ ಪೂಜೆ ಸಲ್ಲಿಸಬೇಕು. ಪೂಜೆಗೆ ಹೋಗುವುದೆಂದರೆ ಕಾಡನ್ನು ಒಂದು ಸುತ್ತು ನೋಡಿ ಬರುವುದೂ ಹೌದು. ಯಾವ ಹಳ್ಳ ಬತ್ತಿದೆ, ಯಾವ ಮರ ಬಿದ್ದಿದೆ, ಎಲ್ಲಿ ಜೇನು ಕಟ್ಟಿದೆ ಎಂಬ ಲೆಕ್ಕ ಆ ನಡಿಗೆಯಲ್ಲೇ ಸಿಗುತ್ತಿತ್ತು.

ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯವರು ಸೋಲಿಗ ಹಿರಿಯರನ್ನು ಜೊತೆಗಿಟ್ಟುಕೊಂಡು ಈ ತಾಣಗಳನ್ನು ನಕ್ಷೆಗೆ ಇಳಿಸಿದರು. ಆ ಕೆಲಸದಲ್ಲಿ ಸೋಲಿಗ ಸಮುದಾಯದವರೇ ಆದ ಸಂಶೋಧಕ ಸಿ. ಮಾದೇಗೌಡರೂ ಇದ್ದರು. ಗುರುತಾದ ತಾಣಗಳು 400ಕ್ಕೂ ಹೆಚ್ಚು. ಇಲಾಖೆಯ ನಕ್ಷೆಯಲ್ಲಿ ವಲಯ, ಗಸ್ತು, ಕಾವಲು ಶಿಬಿರಗಳಷ್ಟೇ ಇದ್ದ ಕಾಡಿನಲ್ಲಿ ಹೆಸರಿಲ್ಲದ ಜಾಗವೇ ಇಲ್ಲವೆಂಬುದು ಆಗ ಹೊರಗಿನವರಿಗೂ ಕಂಡಿತು.

ತರಗು ಬೆಂಕಿ ಎಂದರೇನು?

ಎಲೆ ಉದುರುವ ಕಾಡಿನಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ನೆಲದ ತುಂಬ ತರಗೆಲೆ ಬಿದ್ದಿರುತ್ತದೆ. ಬಿಸಿಲು ಇನ್ನೂ ಬಲಿತಿರುವುದಿಲ್ಲ, ನೆಲದಲ್ಲಿ ಸ್ವಲ್ಪ ತೇವ ಉಳಿದಿರುತ್ತದೆ, ಬೆಳಗಿನಲ್ಲಿ ಇಬ್ಬನಿಯೂ ಇರುತ್ತದೆ. ಜನವರಿ, ಫೆಬ್ರುವರಿಯ ಈ ಸಮಯದಲ್ಲಿ ಸೋಲಿಗರು ಆ ತರಗಿಗೆ ಬೆಂಕಿ ಕೊಡುತ್ತಿದ್ದರು. ಇದೇ ತರಗು ಬೆಂಕಿ. ಮೊಣಕಾಲು ಮಟ್ಟಕ್ಕಿಂತ ಮೇಲೇಳದ ಈ ಬೆಂಕಿ ಒಣ ಎಲೆಯನ್ನೂ ಹುಲ್ಲನ್ನೂ ಸುಟ್ಟುಕೊಂಡು ಹೋಗಿ, ತೇವದ ಜಾಗ ಸಿಕ್ಕಲ್ಲಿ ತಾನಾಗಿ ಆರಿಹೋಗುತ್ತಿತ್ತು. ದೊಡ್ಡ ಮರದ ತೊಗಟೆಗೆ ಅದು ಲೆಕ್ಕಕ್ಕಿಲ್ಲ.

ಇದಕ್ಕೆ ಕಾರಣಗಳು ಹಲವು. ತರಗು ಕಳೆದರೆ ಕಾಲುದಾರಿ ಕಾಣುತ್ತದೆ, ಎದುರಿಗೆ ಆನೆ ನಿಂತಿದ್ದರೂ ದೂರದಿಂದಲೇ ಗೊತ್ತಾಗುತ್ತದೆ. ಉಣ್ಣೆ, ಕ್ರಿಮಿಗಳು ಸಾಯುತ್ತವೆ. ಬೇಸಿಗೆಯ ಮೊದಲ ಮಳೆ ಬಿದ್ದೊಡನೆ ಸುಟ್ಟ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಜಿಂಕೆ ಕಾಟಿಗಳಿಗೆ ಮೇವಾಗುತ್ತದೆ. ಗೆಣಸಿನ ಬಳ್ಳಿಯ ಗುರುತು ಹಿಡಿಯುವುದು ಸುಲಭವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಗ ಸಣ್ಣದಾಗಿ ಸುಟ್ಟ ಕಾಡಿನಲ್ಲಿ ಏಪ್ರಿಲ್‌ನ ಉರಿಬಿಸಿಲಿಗೆ ದೊಡ್ಡ ಬೆಂಕಿ ಎದ್ದರೆ ಅದಕ್ಕೆ ತಿನ್ನಲು ಏನೂ ಉಳಿದಿರುವುದಿಲ್ಲ.

ಇದು ಒಂದು ಲೆಕ್ಕಾಚಾರದ ಬೆಂಕಿ. ಯಾವ ವಾರ, ದಿನದ ಯಾವ ಹೊತ್ತು, ಗಾಳಿ ಯಾವ ಕಡೆಗೆ, ಯಾವ ಇಳಿಜಾರಿನಲ್ಲಿ ಎಂಬುದನ್ನು ಬಲ್ಲವರು ಮಾತ್ರ ಹಚ್ಚಬಹುದಾದದ್ದು. ಗೆಣಸು ಅಗೆಯುವಾಗ ಬಳ್ಳಿಯ ಕಡೆಯ ತುಂಡನ್ನು ಮಣ್ಣಿನಲ್ಲೇ ಬಿಟ್ಟು ಮತ್ತೆ ಚಿಗುರಲು ಅವಕಾಶ ಕೊಡುವುದು ಹೇಗೆ ಒಂದು ಶಿಸ್ತೋ ತರಗು ಬೆಂಕಿಯೂ ಹಾಗೆಯೇ ಒಂದು ಶಿಸ್ತು. ಬರೆದಿಟ್ಟ ಪುಸ್ತಕವಿಲ್ಲ, ಅಪ್ಪನ ಹಿಂದೆ ನಡೆದು ಮಗ ಕಲಿಯಬೇಕು.

ಬೆಂಕಿ ಅಪರಾಧವಾದ ಬಗೆ

ಕಾಡಿನ ಬೆಂಕಿಯ ಮೇಲಿನ ದ್ವೇಷ ನಮಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಭಾರತದಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ರೈಲು ಹಳಿಗೂ ಹಡಗಿಗೂ ಮರ ಬೇಕಾಗಿದ್ದ ಕಾಲ ಅದು. ಯೂರೋಪಿನ ಕಾಡುಗಳಲ್ಲಿ ಪಾಠ ಕಲಿತು ಬಂದ ಅಧಿಕಾರಿಗಳಿಗೆ ಬೆಂಕಿ ಎಂದರೆ ಸುಟ್ಟು ಹೋದ ಹಣ. ಬರ್ಮಾದ ತೇಗದ ಕಾಡುಗಳಲ್ಲಿ ಬೆಂಕಿ ತಡೆದದ್ದು ಹೆಚ್ಚಾಯಿತು, ತೇಗದ ಸಸಿಯೇ ಏಳುತ್ತಿಲ್ಲ ಎಂದು 1890ರ ದಶಕದಲ್ಲೇ ಕೆಲವು ಅಧಿಕಾರಿಗಳು ತಕರಾರು ತೆಗೆದಿದ್ದರು. ಆದರೂ ಇಲಾಖೆಯ ಒಟ್ಟು ಧೋರಣೆ ಬದಲಾಗಲಿಲ್ಲ. ಸ್ವಾತಂತ್ರ್ಯಾನಂತರವೂ ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧವಾಗಿಯೇ ಮುಂದುವರಿಯಿತು.

ಬಿಳಿಗಿರಿಯಲ್ಲಿ ಇದು ಬಿಗಿಯಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, 1987ರಲ್ಲಿ ಅದರ ವಿಸ್ತಾರ ಹೆಚ್ಚಾಯಿತು. ಬೇಟೆ ನಿಂತಿತು. ಜಾಗ ಬದಲಾಯಿಸಿ ರಾಗಿ ಬೆಳೆಯುವ ಬೇಸಾಯ ನಿಂತಿತು. ಕಾಡಿನ ಒಳಗಿದ್ದ ಅನೇಕ ಪೋಡುಗಳ ಜನ ರಸ್ತೆಯ ಬದಿಗೆ, ಕಾಡಿನ ಅಂಚಿಗೆ ಬಂದು ನೆಲೆಸಬೇಕಾಯಿತು. ಬೇಟೆ ನಿಂತದ್ದಕ್ಕೆ ಇಂದು ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಅದರೊಂದಿಗೆ ತರಗು ಬೆಂಕಿಯೂ ನಿಂತಿತು. ವಿಚಿತ್ರವೆಂದರೆ ಬ್ರಿಟಿಷರ ಕಾಲದಲ್ಲಿ ಬೆಟ್ಟದ ನೆತ್ತಿಯ ಮೇಲೆ ಎದ್ದ ಕಾಫಿ ತೋಟಗಳು ಮಾತ್ರ ಹಾಗೆಯೇ ಉಳಿದವು.

ಸೋಲಿಗರಿಗೆ ಉಳಿದ ಆಸರೆ ಎಂದರೆ ಕಿರು ಅರಣ್ಯ ಉತ್ಪನ್ನ. ಜೇನು, ನೆಲ್ಲಿಕಾಯಿ, ಅಳಲೆಕಾಯಿ, ಸೀಗೆಕಾಯಿ, ಅಂಟುವಾಳ, ಪಾಚಿ ಇವನ್ನೆಲ್ಲ ತಂದು ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಕೊಟ್ಟು ಹಣ ಪಡೆಯುತ್ತಿದ್ದರು. 1990ರ ದಶಕದಲ್ಲಿ ನಡೆದ ಅಧ್ಯಯನದ ಪ್ರಕಾರ ಸೋಲಿಗ ಕುಟುಂಬಗಳ ನಗದು ವರಮಾನದ ಅರ್ಧದಷ್ಟು ಬರುತ್ತಿದ್ದುದು ಇದರಿಂದಲೇ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಅದಕ್ಕೂ ಕುತ್ತು ಬಂತು. ಅಭಯಾರಣ್ಯದಿಂದ ಮಾರಾಟಕ್ಕಾಗಿ ಏನನ್ನೂ ತರುವಂತಿಲ್ಲ ಎಂಬ ಆದೇಶ 2006ರ ಹೊತ್ತಿಗೆ ಬಿಳಿಗಿರಿಯಲ್ಲಿ ಜಾರಿಯಾಯಿತು. ಕಾಡಿನ ನಡುವೆ ಕುಳಿತ ಜನ ಕೂಲಿ ಹುಡುಕಿಕೊಂಡು ಕಾಫಿ ತೋಟಗಳಿಗೂ ದೂರದ ಊರುಗಳಿಗೂ ಹೋಗಬೇಕಾಯಿತು.

ಲಂಟಾನ ಮತ್ತು ಉಪ್ಪಿಲು

ಈ ಮಧ್ಯೆ ಕಾಡಿನಲ್ಲಿ ಏನಾಗುತ್ತಿತ್ತು? ಲಂಟಾನ ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದದ ಹೂವಿನ ಗಿಡವೆಂದು ಬ್ರಿಟಿಷರು ಕಲ್ಕತ್ತೆಗೆ ತಂದು ನೆಟ್ಟದ್ದು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ದೇಶದ ಹುಲಿ ನೆಲೆಯ ಕಾಡುಗಳಲ್ಲಿ ಶೇ. 40ಕ್ಕೂ ಹೆಚ್ಚು ಭಾಗಕ್ಕೆ ಅದು ನುಗ್ಗಿದೆ.

ಬಿಳಿಗಿರಿಯ ಅಂಕಿಗಳು ಇನ್ನೂ ಸ್ಪಷ್ಟ. ಏಟ್ರೀ ಸಂಶೋಧಕರು 1997ರಲ್ಲಿ ಕಾಡಿನಲ್ಲಿ ತುಂಡು ತುಂಡು ಜಾಗಗಳನ್ನು ಗುರುತಿಸಿ ಗಿಡಮರಗಳನ್ನು ಎಣಿಸಿದ್ದರು. ಅದೇ ಜಾಗಗಳನ್ನು 2008ರಲ್ಲಿ ಮತ್ತೆ ಎಣಿಸಿದಾಗ, ಹಿಂದೆ ಶೇ. 41 ಜಾಗಗಳಲ್ಲಿದ್ದ ಲಂಟಾನ ಶೇ. 81ರಲ್ಲಿ ಕಾಣಿಸಿತು. ಹಿಂದೆ ಇಪ್ಪತ್ತು ಕಾಂಡ ಎಣಿಸಿದರೆ ಒಂದು ಲಂಟಾನವಿತ್ತು. ಹನ್ನೊಂದು ವರ್ಷ ಕಳೆಯುವುದರೊಳಗೆ ಮೂರಕ್ಕೆ ಒಂದು ಲಂಟಾನವಾಗಿತ್ತು. ಲಂಟಾನ ಮುಸುಕಿದಲ್ಲಿ ಹುಲ್ಲು ಬೆಳೆಯದು, ಮರದ ಸಸಿ ಏಳದು, ಜಿಂಕೆಗೆ ಮೇವಿಲ್ಲ, ಮನುಷ್ಯನಿಗೆ ದಾರಿಯಿಲ್ಲ.

ಸೋಲಿಗ ಹಿರಿಯರು ಸಂಶೋಧಕರಿಗೆ ಹೇಳಿದ್ದು ಇದನ್ನೇ. ತಮ್ಮ ಚಿಕ್ಕಂದಿನಲ್ಲೂ ಲಂಟಾನವಿತ್ತು, ಆದರೆ ವರ್ಷ ವರ್ಷ ಬೀಳುತ್ತಿದ್ದ ತರಗು ಬೆಂಕಿಗೆ ಅದರ ಎಳೆ ಗಿಡಗಳು ಸಾಯುತ್ತಿದ್ದವು, ಬೆಂಕಿ ನಿಂತ ಮೇಲೆ ಅದಕ್ಕೆ ಅಡ್ಡಿಯೇ ಇಲ್ಲವಾಯಿತು ಎಂದು.

ಎರಡನೆಯದು ಉಪ್ಪಿಲಿನ ಕಥೆ. ಮಾವಿನ ಮರದ ಮೇಲೆ ಬಂದಳಿಕೆ ಬೆಳೆಯುವುದನ್ನು ಊರಿನವರು ನೋಡಿರುತ್ತಾರೆ. ಅದೇ ಜಾತಿಯ, ಮರದ ರಸ ಹೀರಿ ಬದುಕುವ ಗಿಡವನ್ನು ಸೋಲಿಗರು ಉಪ್ಪಿಲು ಎನ್ನುತ್ತಾರೆ. ಕಾಡಿನ ನೆಲ್ಲಿಮರಗಳಿಗೆ ಇದು ಮುತ್ತಿಕೊಂಡಿತು. ಉಪ್ಪಿಲು ಹತ್ತಿದ ಮರ ಕಾಯಿ ಬಿಡುವುದು ಕಡಿಮೆ, ಕೊನೆಗೆ ಒಣಗಿಯೇ ಹೋಗುತ್ತದೆ. ಬೆಂಕಿಯ ಬಿಸಿ ಹೊಗೆಗೆ ಉಪ್ಪಿಲು ಸಾಯುತ್ತಿತ್ತು, ಈಗ ಬೆಂಕಿಯಿಲ್ಲದೆ ಬಲಿತಿದೆ ಎಂಬುದು ಸೋಲಿಗರ ವಿವರಣೆ.

ಇಲಾಖೆಯ ಕಡೆಯವರಿಗೂ ಅನೇಕ ವನ್ಯಜೀವಿ ಪ್ರಿಯರಿಗೂ ನೆಲ್ಲಿ ಕಡಿಮೆಯಾಗಲು ಕಾರಣ ಬೇರೆಯೇ ತೋರಿತ್ತು: ಸೋಲಿಗರು ಕಾಯಿ ಕೀಳುವುದರಿಂದ ಬೀಜ ನೆಲಕ್ಕೆ ಬೀಳುತ್ತಿಲ್ಲ ಎಂದು. ಸಂಗ್ರಹಣೆಯ ನಿಷೇಧದ ಹಿಂದಿದ್ದ ತರ್ಕವೂ ಇದೇ. ಬಿಳಿಗಿರಿಯ ಎರಡು ಜಾತಿಯ ನೆಲ್ಲಿಮರಗಳನ್ನು ಸುಮಾರು ಹತ್ತು ವರ್ಷ ಬೆನ್ನು ಹತ್ತಿ ಅಳೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ನೆಲ್ಲಿ ಕ್ಷೀಣಿಸುತ್ತಿರುವುದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಉಪ್ಪಿಲು ಮತ್ತು ಲಂಟಾನ, ಕಾಯಿ ಕೀಳುವುದರ ಪಾತ್ರ ತೀರ ಅಲ್ಪ ಎಂದು ಅದು ಕಂಡುಕೊಂಡಿತು. ಮರವನ್ನು ಉಳಿಸಲೆಂದು ಜನರನ್ನು ಹೊರಗಿಟ್ಟದ್ದಾಯಿತು. ಮರವನ್ನು ಕೊಲ್ಲುತ್ತಿದ್ದುದು ಒಳಗೇ ಬೆಳೆಯುತ್ತಿತ್ತು.

ಗಾಂಧಿ ಜಯಂತಿಯ ಹಕ್ಕುಪತ್ರ

2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಕಾಯ್ದೆಯನ್ನು ಒಪ್ಪಿತು. 2007ರ ಡಿಸೆಂಬರ್ 31ರಂದು ಅದು ಜಾರಿಗೆ ಬಂತು. ತಲೆತಲಾಂತರದಿಂದ ಕಾಡಿನಲ್ಲಿ ಬದುಕಿದವರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಕಾನೂನಿನ ಪೀಠಿಕೆಯಲ್ಲೇ ಒಪ್ಪಿಕೊಂಡದ್ದು ಇದರ ವಿಶೇಷ. ಉಳುವ ಜಮೀನಿನ ಹಕ್ಕಿನ ಜೊತೆಗೆ ಇದರಲ್ಲಿ ಇನ್ನೊಂದು ಹಕ್ಕಿದೆ. ಸಮುದಾಯವೊಂದು ತಾನು ಕಾಪಾಡಿಕೊಂಡು ಬಂದ ಕಾಡನ್ನು ರಕ್ಷಿಸುವ, ಪುನರುಜ್ಜೀವಿಸುವ, ನಿರ್ವಹಿಸುವ ಹಕ್ಕು ಅದು. ಅದನ್ನು ಚಲಾಯಿಸಬೇಕಾದದ್ದು ಗ್ರಾಮಸಭೆ. ಇಲ್ಲಿ ಗ್ರಾಮಸಭೆ ಎಂದರೆ ಪಂಚಾಯಿತಿ ಕಚೇರಿಯ ಸಭೆಯಲ್ಲ, ಪೋಡಿನ ಜನರೆಲ್ಲ ಸೇರಿದ ಸಭೆ.

ಸೋಲಿಗರು ಹಕ್ಕಿಗೆ ಅರ್ಜಿ ಹಾಕಿದರು. ಎಲ್ಲೆಗಳ ನಕ್ಷೆ ಇಲ್ಲಿ ನೆರವಿಗೆ ಬಂತು. ಕಾಡಿನ ಮೂಲೆ ಮೂಲೆಯ ಹೆಸರು ಹೇಳಬಲ್ಲವರು ಅಲ್ಲಿ ಎಷ್ಟು ಕಾಲದಿಂದ ಇದ್ದಾರೆಂದು ಬೇರೆ ಸಾಕ್ಷಿ ಬೇಕಿಲ್ಲ. ಅರ್ಜಿಗಳು ವಿಚಾರಣೆಯಲ್ಲಿರುವಾಗಲೇ, 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಎತ್ತಂಗಡಿಯ ಭಯ ಪೋಡುಗಳನ್ನು ಆವರಿಸಿತು. ಹೋರಾಟ, ಮನವಿ, ಸಭೆಗಳು ನಡೆದವು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ದೇಶದಲ್ಲಿ ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ಅದೇ ಮೊದಲು. ಮುಂದೆ ಇನ್ನೂ ಕೆಲವು ಗ್ರಾಮಸಭೆಗಳಿಗೆ ಹಕ್ಕುಪತ್ರ ದೊರೆಯಿತು.

ಜೇನು, ನೆಲ್ಲಿ ತರುವ ಹಕ್ಕು ಮರಳಿ ಬಂತು. ಆದರೆ ಆ ಹೊತ್ತಿಗೆ ನೆಲ್ಲಿಯೇ ಕಡಿಮೆಯಾಗಿತ್ತು, ಮರದ ಬುಡಕ್ಕೆ ಹೋಗಲು ಲಂಟಾನವನ್ನು ಕಡಿದು ದಾರಿ ಮಾಡಿಕೊಳ್ಳಬೇಕಾಗಿತ್ತು. ಫಲದ ಹಕ್ಕಿಗಿಂತ ಕಾಡನ್ನು ನೋಡಿಕೊಳ್ಳುವ ಹಕ್ಕು ಏಕೆ ದೊಡ್ಡದೆಂಬುದು ಇಲ್ಲಿ ಅರ್ಥವಾಗುತ್ತದೆ. ಸೋಲಿಗ ಅಭಿವೃದ್ಧಿ ಸಂಘದವರು ಸಂಶೋಧಕರ ನೆರವಿನಿಂದ, ಜನರನ್ನು ಒಳಗೊಂಡ ಹುಲಿ ಸಂರಕ್ಷಣಾ ಯೋಜನೆಯೊಂದರ ಕರಡನ್ನೂ ತಯಾರಿಸಿದರು. ಲಂಟಾನ ತೆಗೆಯುವುದು, ತರಗು ಬೆಂಕಿ, ಕಾವಲು ಎಲ್ಲವೂ ಅವರ ಚರ್ಚೆಯಲ್ಲಿತ್ತು.

ಇಕ್ಕಟ್ಟು ಇರುವುದು ಇಲ್ಲೇ. ಒಂದೇ ಕಾಡಿಗೆ ಕಾನೂನಿನ ಪ್ರಕಾರ ಈಗ ಇಬ್ಬರು ನಿರ್ವಾಹಕರು. ಅರಣ್ಯ ಹಕ್ಕು ಕಾಯ್ದೆಯಂತೆ ಗ್ರಾಮಸಭೆ. ವನ್ಯಜೀವಿ ಕಾಯ್ದೆಯಂತೆ ಇಲಾಖೆ. ಗ್ರಾಮಸಭೆಯ ಬಳಿ ಹಕ್ಕುಪತ್ರವಿದೆ, ಹಣವಿಲ್ಲ, ಸಿಬ್ಬಂದಿಯಿಲ್ಲ. ಇಲಾಖೆಯ ಬಳಿ ಹಣವೂ ಸಿಬ್ಬಂದಿಯೂ ಇವೆ. ವರ್ಷದ ಯೋಜನೆ ಬರೆಯುವುದೂ ಅದೇ. ಬೇಸಿಗೆಯಲ್ಲಿ ಬೆಂಕಿ ಕಾವಲಿಗೆ ಸೋಲಿಗರನ್ನೇ ಕೂಲಿಗೆ ತೆಗೆದುಕೊಳ್ಳುತ್ತಾರೆ, ಬೆಂಕಿ ರೇಖೆ ಸವರಲು ಅವರನ್ನೇ ಕರೆಯುತ್ತಾರೆ. ಬೆಂಕಿ ಆರಿಸಲು ಅವರು ಬೇಕು, ಯಾವಾಗ ಹಚ್ಚಬೇಕೆಂದು ಹೇಳಲು ಬೇಡ. ಇದನ್ನು ಉದ್ಯೋಗ ಎನ್ನಬಹುದು, ಪಾಲುದಾರಿಕೆ ಎನ್ನಲಾಗದು.

ಬೇರೆ ದೇಶಗಳಲ್ಲಿ

ಈ ಬಗೆಯ ಇಕ್ಕಟ್ಟು ನಮ್ಮಲ್ಲಷ್ಟೇ ಇಲ್ಲ. ಆಸ್ಟ್ರೇಲಿಯದ ನಟ್ಟನಡುವೆ ಉಲುರು ಎಂಬ ಕೆಂಪು ಬಂಡೆಬೆಟ್ಟವಿದೆ. ಬಿಳಿಯರು ಅದನ್ನು ಏಯರ್ಸ್ ರಾಕ್ ಎಂದು ಕರೆದರು, ರಾಷ್ಟ್ರೀಯ ಉದ್ಯಾನ ಮಾಡಿದರು. ಅಲ್ಲಿಯ ಮೂಲನಿವಾಸಿಗಳಾದ ಅನಾಂಗು ಜನ ಚಳಿಗಾಲದಲ್ಲಿ ಅಲ್ಲೊಂದು ಇಲ್ಲೊಂದು ತೇಪೆಯಂತೆ ಹುಲ್ಲು ಸುಡುತ್ತಿದ್ದರು. ಅವರು ದೂರವಾದಾಗ ಆ ಬೆಂಕಿ ನಿಂತಿತು. ಕೆಲವು ವರ್ಷ ಒಳ್ಳೆಯ ಮಳೆಯಾಗಿ ಹುಲ್ಲು ದಟ್ಟವಾಯಿತು. 1976ರ ಬೆಂಕಿಗೆ ಉದ್ಯಾನದ ಮುಕ್ಕಾಲು ಭಾಗ ಸುಟ್ಟುಹೋಯಿತು. ಆ ಮೇಲೆ ಅಧಿಕಾರಿಗಳು ಅನಾಂಗು ಹಿರಿಯರ ಬಳಿ ಹೋದರು. ಹಳೆಯ ತೇಪೆ ಬೆಂಕಿ ಮತ್ತೆ ಶುರುವಾಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. 1985ರ ಅಕ್ಟೋಬರ್ 26ರಂದು ಸರ್ಕಾರ ಆ ನೆಲದ ಒಡೆತನವನ್ನೇ ಅನಾಂಗು ಜನರಿಗೆ ಹಿಂದಿರುಗಿಸಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕಾಗಿ 99 ವರ್ಷಗಳ ಗುತ್ತಿಗೆಗೆ ಸರ್ಕಾರಕ್ಕೆ ಕೊಟ್ಟರು. ಉದ್ಯಾನ ಉದ್ಯಾನವಾಗಿಯೇ ಉಳಿಯಿತು, ಆದರೆ ಅದನ್ನು ನಡೆಸುವ ಮಂಡಳಿಯಲ್ಲಿ ಬಹುಮತ ಅನಾಂಗುಗಳದು. ತಮಗೆ ಪವಿತ್ರವಾದ ಬಂಡೆಯನ್ನು ಪ್ರವಾಸಿಗರು ಹತ್ತಬಾರದೆಂಬುದು ಅವರ ಬಹುಕಾಲದ ಕೋರಿಕೆಯಾಗಿತ್ತು. ಮಂಡಳಿ 2017ರಲ್ಲಿ ತೀರ್ಮಾನಿಸಿ, 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ನಿಲ್ಲಿಸಿತು. ಹಕ್ಕು ಕೈಗೆ ಬಂದ 34 ವರ್ಷಗಳ ಮೇಲೆ ಈಡೇರಿದ ಕೋರಿಕೆ ಅದು. ಪಾಲುದಾರಿಕೆ ಒಂದು ದಿನದಲ್ಲಿ ಹಣ್ಣಾಗುವುದಿಲ್ಲ ಎಂಬುದಕ್ಕೂ ಇದು ಸಾಕ್ಷಿ.

ಅದೇ ದೇಶದ ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿ ಕಾವಲುಗಾರರು ಬೇಸಿಗೆ ಬಲಿಯುವ ಮೊದಲೇ ಸಣ್ಣ ಬೆಂಕಿ ಹಚ್ಚಿ ದೊಡ್ಡ ಬೆಂಕಿಯನ್ನು ತಡೆಯುತ್ತಾರೆ. ಇದರಿಂದ ಒಟ್ಟಾರೆ ಹೊಗೆಯೂ ಕಡಿಮೆ. ಹಾಗೆ ತಪ್ಪಿಸಿದ ಹೊಗೆಗೆ ಲೆಕ್ಕ ಕಟ್ಟಿ ಹಣ ಪಡೆಯುವ ಏರ್ಪಾಡು 2006ರಿಂದ ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂಡಿಯನ್ನರು ಹುಲ್ಲುಗಾವಲು ಸುಡುವುದನ್ನು 1850ರ ಕಾನೂನು ತಡೆದಿತ್ತು. 2021ರಲ್ಲಿ ಅದೇ ರಾಜ್ಯ, ಬುಡಕಟ್ಟಿನ ಬಲ್ಲವರು ಎಚ್ಚರದಿಂದ ಹಚ್ಚುವ ಸಾಂಪ್ರದಾಯಿಕ ಬೆಂಕಿಗೆ ಕಾನೂನಿನ ರಕ್ಷಣೆ ಕೊಟ್ಟಿತು.

ಅಮೆರಿಕದ್ದೇ ಇನ್ನೊಂದು ಉದಾಹರಣೆ ಎಚ್ಚರಿಕೆಯ ಪಾಠ. ಯೂಟಾ ರಾಜ್ಯದ ಬೇರ್ಸ್ ಇಯರ್ಸ್ ಎಂಬ ಸರ್ಕಾರಿ ಭೂಮಿಯನ್ನು ಐದು ಬುಡಕಟ್ಟುಗಳ ಒತ್ತಾಯದ ಮೇಲೆ ಅಧ್ಯಕ್ಷ ಒಬಾಮ 2016ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಮುಂದಿನ ವರ್ಷವೇ ಅಧ್ಯಕ್ಷ ಟ್ರಂಪ್ ಅದರ ಶೇ. 85ರಷ್ಟು ಭಾಗವನ್ನು ಕೈಬಿಟ್ಟರು. 2021ರಲ್ಲಿ ಅಧ್ಯಕ್ಷ ಬೈಡನ್ ಮತ್ತೆ ಸೇರಿಸಿದರು. 2022ರಲ್ಲಿ ಸರ್ಕಾರಿ ಭೂ ಇಲಾಖೆಗಳೂ ಐದು ಬುಡಕಟ್ಟುಗಳೂ ಕೂಡಿ ನಿರ್ವಹಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಆಳುವವರ ಒಂದು ಸಹಿಯಿಂದ ಬಂದದ್ದು ಇನ್ನೊಂದು ಸಹಿಯಿಂದ ಹೋಗಬಹುದು. ಆ ದೃಷ್ಟಿಯಿಂದ ಸೋಲಿಗರ ಕೈಯಲ್ಲಿರುವ ಹಕ್ಕುಪತ್ರ ಗಟ್ಟಿಯಾದದ್ದು, ಏಕೆಂದರೆ ಅದರ ಹಿಂದೆ ಸಂಸತ್ತಿನ ಕಾನೂನಿದೆ. ಆದರೆ ಉಲುರುವಿನಂತೆ ಇಬ್ಬರೂ ಕೂತು ತೀರ್ಮಾನಿಸುವ ಮಂಡಳಿಯ ಏರ್ಪಾಡು ಆ ಕಾನೂನಿನಲ್ಲಿಲ್ಲ.

ಇಲಾಖೆಯ ಅಳುಕು

ಇಲಾಖೆಯ ಅಳುಕಿಗೂ ಕಾರಣವಿದೆ. ಕಾಡಿಗೆ ಬೀಳುವ ಬೆಂಕಿಯೆಲ್ಲ ತರಗು ಬೆಂಕಿಯಲ್ಲ. ದನದ ಮೇವಿಗೆಂದು, ಸಿಟ್ಟಿಗೆಂದು, ಬೀಡಿಯ ತುಂಡಿನಿಂದ ಹತ್ತುವ ಬೆಂಕಿಯೇ ಹೆಚ್ಚು. ಹೊಗೆ ಕಂಡ ಕಡೆಗೆ ಓಡುವ ಗಾರ್ಡ್, ಇದು ಬಲ್ಲವರು ಹಚ್ಚಿದ್ದೋ ಅಲ್ಲವೋ ಎಂದು ವಿಚಾರಿಸುತ್ತ ನಿಲ್ಲಲಾರ. 2019ರ ಫೆಬ್ರುವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿದದ್ದನ್ನು ಯಾರೂ ಮರೆತಿಲ್ಲ. ಪದೇ ಪದೇ ಬೆಂಕಿ ಬಿದ್ದರೆ ಸಸಿಗಳು ಉಳಿಯವು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಕೇಡು ಎಂಬ ವಿಜ್ಞಾನಿಗಳ ವಾದದಲ್ಲೂ ಹುರುಳಿದೆ. ಎಷ್ಟು ವರ್ಷಕ್ಕೊಮ್ಮೆ, ಯಾವ ಕಾಡಿಗೆ ಎಂಬುದು ಇನ್ನೂ ಚರ್ಚೆಯಲ್ಲಿರುವ ವಿಷಯ.

ಇನ್ನೂ ದೊಡ್ಡ ತೊಡಕು ಲಂಟಾನದ್ದೇ. ಎಳೆಯ ಲಂಟಾನವನ್ನು ತರಗು ಬೆಂಕಿ ಸುಡಬಲ್ಲದು. ಆಳೆತ್ತರ ಬೆಳೆದು ಮರದ ಮೇಲೂ ಹಬ್ಬಿದ ಲಂಟಾನಕ್ಕೆ ಬೆಂಕಿ ಬಿದ್ದರೆ ಅದೇ ಏಣಿಯಾಗಿ ಉರಿ ಮರದ ನೆತ್ತಿಗೆ ಏರುತ್ತದೆ. ಸುಟ್ಟ ಬುಡದಿಂದ ಲಂಟಾನ ಮತ್ತೆ ಚಿಗುರುತ್ತದೆ, ಮರ ಚಿಗುರುವುದಿಲ್ಲ. ಹಾಗಾಗಿ ನಾಳೆಯೇ ನಿಷೇಧ ತೆಗೆದರೂ ಅಜ್ಜನ ಕಾಲದ ಬೆಂಕಿಯನ್ನು ಹಾಗೆ ಹಾಗೇ ಹಚ್ಚುವಂತಿಲ್ಲ. ಇದನ್ನು ಮೊದಲು ಹೇಳುವವರೂ ಸೋಲಿಗರೇ. ಮೊದಲು ಲಂಟಾನವನ್ನು ಬುಡಸಮೇತ ಕೀಳಬೇಕು. ಕಿತ್ತ ಜಾಗದಲ್ಲಿ ಹುಲ್ಲು ಬರಬೇಕು. ಆಮೇಲೆ ಸಣ್ಣ ಜಾಗದಲ್ಲಿ, ಸರಿಯಾದ ವಾರದಲ್ಲಿ, ಇಲಾಖೆಯವರೂ ಸಂಶೋಧಕರೂ ಎದುರಿಗಿದ್ದು ನೋಡುವಂತೆ ಬೆಂಕಿ ಕೊಡಬೇಕು. ಕಿತ್ತ ಲಂಟಾನವೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದರ ಕಡ್ಡಿಯಿಂದ ಬೆತ್ತದ ಬದಲಿಗೆ ಕುರ್ಚಿ, ಬುಟ್ಟಿ ಹೆಣೆಯುವುದನ್ನು ಜನ ಕಲಿತಿದ್ದಾರೆ.

ಇದಕ್ಕೆಲ್ಲ ಬೇಕಾದ ಕೈಗಳು ಪೋಡುಗಳಲ್ಲಿವೆ, ಹಣ ಇಲಾಖೆಯಲ್ಲಿದೆ, ಅಳತೆಯ ವಿಧಾನ ಸಂಶೋಧಕರಲ್ಲಿದೆ. ಹೆಚ್ಚು ಕಾಲ ಕಾಯಲಾಗದ್ದು ಒಂದೇ: ಬೆಂಕಿಯನ್ನು ಬಲ್ಲ ಹಿರಿಯರು. ಅಭಯಾರಣ್ಯ ಘೋಷಣೆಯಾಗಿ 50 ವರ್ಷ ದಾಟಿತು. ಆಗ ಇಪ್ಪತ್ತರ ಹರೆಯದಲ್ಲಿದ್ದು ಕೈಯಾರೆ ತರಗು ಬೆಂಕಿ ಕೊಟ್ಟವರಿಗೆ ಈಗ ಎಪ್ಪತ್ತು ಮೀರಿದೆ. ಅವರ ಮಕ್ಕಳು ಬೆಂಕಿಯ ಬಗ್ಗೆ ಕೇಳಿದ್ದಾರೆ, ಮೊಮ್ಮಕ್ಕಳು ಅದನ್ನು ನಂದಿಸುವ ಕೂಲಿಗೆ ಹೋಗಿದ್ದಾರೆ. ಗಾಳಿ ನೋಡಿ, ತೇವ ಮುಟ್ಟಿ, ಇವತ್ತು ಸರಿ, ಇವತ್ತು ಬೇಡ ಎಂದು ಹೇಳುವ ತಿಳಿವಳಿಕೆ ವರದಿಯಲ್ಲಿ ಉಳಿಯುವಂಥದ್ದಲ್ಲ. ಪಕ್ಕದಲ್ಲಿ ನಿಂತು ಮಾಡಿ ಕಲಿಯಬೇಕಾದದ್ದು.

ಬಿಳಿಗಿರಿಯಲ್ಲಿ ಹುಲಿ ಉಳಿದದ್ದು ಜನ ಇದ್ದ ಕಾಡಿನಲ್ಲೇ. ಆ ಜನರಿಗೆ ಕಾಡಿನ ಫಲದಲ್ಲಿ ಪಾಲಿದೆ ಎಂದು ಕಾನೂನು ಒಪ್ಪಿ ಆಗಿದೆ. ಕಾಡಿನ ಬಗೆಗಿನ ತೀರ್ಮಾನದಲ್ಲೂ ಪಾಲು ಕೊಡುವುದು ಉಳಿದಿದೆ. ಅದನ್ನು ಕೊಡುವ ಹೊತ್ತಿಗೆ, ತೀರ್ಮಾನ ಹೇಳಬಲ್ಲವರು ಪೋಡುಗಳಲ್ಲಿ ಇನ್ನೂ ಇರಬೇಕು.